ಮಳೇಲೇ ನೋಡ್ಬೇಕು

— ಭಾವ, ಈ ಮಳೇಲೇ ಹೊರಡಬೇಕಿತ್ತಾ? ಭಾನುವಾರ ಬಿಸಿಲು ಬರುತ್ತಂತೆ. ಕ್ಯಾರವಾನ್ ಮಾರೋ ಮನುಷ್ಯನೂ ಯಾವತ್ತು ಬಂದ್ರೂ ಸರಿ ಅಂದಿದ್ದ.

— ಅದಕ್ಕೇ ಕಣೋ ಇವತ್ತು ಹೊರಡಿಸಿದ್ದು. ನಾಲ್ಕು ದಿನ ಕಿಟಕಿ ತೆಗೆದು ಬಿಸಿಲಿಗೆ ಬಿಟ್ಟ ಕ್ಯಾರವಾನ್ ಯಾವುದಾದ್ರೂ ಚೆನ್ನಾಗೇ ಕಾಣುತ್ತೆ. ಸೋರೋದು ಗೊತ್ತಾಗ್ಬೇಕಾದ್ರೆ ಮಳೆ ಬೀಳ್ತಿರ್ಬೇಕು. ನೀನು ಮೊದಲು ಎಡಗಡೆ ಲೇನಿಗೆ ಬಾ.

— ಮುಂದೆ ಲಾರಿ ಇದೆಯಲ್ಲ.

— ಇರ್ಲಿ, ಅದರ ಹಿಂದೆ ಸುಮ್ನೆ ಹೋಗೋದನ್ನ ಈಗಿಂದ್ಲೇ ಅಭ್ಯಾಸ ಮಾಡ್ಕೋ. ಹಿಂದೆ ಕ್ಯಾರವಾನ್ ಕಟ್ಟಿಕೊಂಡ್ರೆ ಮೂರು ಲೇನಿನ ಮೋಟರ್‌ವೇನಲ್ಲಿ ಬಲತುದಿ ಲೇನ್ ಮುಟ್ಟೋ ಹಾಗಿಲ್ಲ. ಮೋಟರ್‌ವೇನಲ್ಲಿ ಗಂಟೆಗೆ 60 ಮೈಲಿ, ಹಳ್ಳಿ ಕಡೆ ಒಂಟಿ ರಸ್ತೇಲಿ 50. ಲೀಡ್ಸಿಂದ ಹಲ್‌ಗೆ ನೀನು ಹೋಗೋ ಈ ವೇಗ ಎಲ್ಲಾ ಮರ್ತುಬಿಡು.

— ಆಫೀಸಲ್ಲಿ ಒಬ್ರು, ಎಳೆಯೋಕೆ ಬೇರೆ ಟೆಸ್ಟೇ ಕೊಡ್ಬೇಕು ಅಂತ ಹೆದರಿಸಿದ್ರು.

— ಅದು ಹಳೇ ಮಾತು. 1997ರ ಜನವರಿಯಿಂದ ಈಚೆಗೆ ಕಾರ್ ಟೆಸ್ಟ್ ಪಾಸಾದೋರಿಗೆ ಭಾರದ್ದು ಎಳೆಯೋಕೆ ಆ ಕಾಟ ಇತ್ತು. 2021ರ ಡಿಸೆಂಬರ್ 16ರಿಂದ ತೆಗೆದುಹಾಕಿದ್ರು. ಈಗ 3,500 ಕೆ.ಜಿ. ತನಕ ಎಳೀಬಹುದು. ಊರಿಂದ ತಂದ ಲೈಸೆನ್ಸ್ ಮೇಲೆ ನೆಚ್ಕೊಂಡಿರೋ ನಮ್ಮ ಹುಡುಗರು ಇದ್ದಾರಲ್ಲ, ಅವರಿಗೆ ಮಾತ್ರ ಹೇಳು. ಇಲ್ಲಿ ನೆಲೆಸಿದ ಮೇಲೆ ಅದು ಹನ್ನೆರಡೇ ತಿಂಗಳು ನಡೆಯೋದು. ನಿಂದು ಇಲ್ಲಿಯದೇ ತಾನೆ?

— ಇಲ್ಲಿಯದೇ. ಹಾಗಾದ್ರೆ ಈಗ ನೋಡೋಕೆ ಹೊರಟಿರೋ ಆರು ಜನ ಮಲಗೋ ಕ್ಯಾರವಾನನ್ನ ಧಾರಾಳವಾಗಿ ತಗೋಬಹುದು.

— ಸರ್ಕಾರ ಆಗಲಿ ಅಂತು. ನಿನ್ನ ಕಾರ್ ಏನನ್ನುತ್ತೆ? ಖಾಲಿ ತೂಕ ಎಷ್ಟು ಅದರದ್ದು?

— 1,450 ಕೆ.ಜಿ. ನೀವು ಹೇಳಿದ್ರಿ ಅಂತ ಕೈಪಿಡಿ ನೋಡಿದೆ. ಬಾಗಿಲ ಹತ್ರದ ತಗಡಲ್ಲಿ ಗ್ರಾಸ್ ಟ್ರೇನ್ ವೆಯ್ಟ್ ಅಂತಾನೂ ಒಂದಿದೆ.

— ಅದು ಇದೆಯಲ್ಲ, ಸದ್ಯ. ಕಾರು, ಹಿಂದಿರೋದು, ಒಳಗೆ ಕೂತೋರು, ಎಲ್ಲಾ ಸೇರಿ ಅಷ್ಟನ್ನ ದಾಟಬಾರದು. ನಿಮ್ಮ ಬೀದಿ ಕೊನೇಲಿ ಒಬ್ರು ಹೈಬ್ರಿಡ್ ಕಾರ್ ತಗೊಂಡಿದ್ದಾರಲ್ಲ, ಅವರ ತಗಡಲ್ಲಿ ಆ ಸಂಖ್ಯೆನೇ ಇಲ್ಲ. ಇಲ್ಲ ಅಂದ್ರೆ ಆ ಕಾರು ಎಳೆಯೋಕೆ ಅಲ್ಲ ಅಂತ. ಸರಿ, 1,450ಕ್ಕೆ ಶೇಕಡಾ 85 ಹಾಕು.

— ಸಾವಿರದ ಇನ್ನೂರ ಮೂವತ್ತು ಚಿಲ್ಲರೆ.

— ಕ್ಯಾರವಾನ್ ತುಂಬಿದ ಮೇಲೂ ಅಷ್ಟರೊಳಗೆ ಇರ್ಬೇಕು. ಇದು ಕಾನೂನಲ್ಲ, ಕ್ಯಾರವಾನ್ ಕ್ಲಬ್‌ಗಳವರು ಹೊಸಬರಿಗೆ ಹೇಳೋ ಬುದ್ಧಿಮಾತು. ಹಿಂದಿನದು ಹಗುರವಾಗಿದ್ರೆ ಕಾರ್ ಹೇಳಿದ ಮಾತು ಕೇಳುತ್ತೆ. ನೀನು ನೋಡೋಕೆ ಹೊರಟಿರೋದರ ತೂಕ ಎಷ್ಟು?

— ಜಾಹೀರಾತಲ್ಲಿ ಹಾಕಿಲ್ಲ. ಸೋಫಾ ಬಣ್ಣ ಹಾಕಿದ್ದಾನೆ.

— ಹಾಕ್ತಾರೆ, ಹಾಕ್ತಾರೆ.

— ಹಾಗಾದ್ರೆ ವಾಪಸ್ ಹೋಗೋಣ್ವಾ?

— ಬೇಡ, ನಡಿ. ಕೊಳ್ಳದೆ ಇರೋದನ್ನ ನೋಡಿ ಕಲಿಯೋದೇ ಅಗ್ಗ. ಅವನ ಮನೆ ಅಂಗಳದಲ್ಲೇ ನಿಂತಿದೆ ತಾನೆ?

— ಮನೆ ಮುಂದೇನೇ. ಯಾಕೆ?

— ಹೆದ್ದಾರಿ ಸರ್ವೀಸಸ್ ಹತ್ರ ಸಿಗೋಣ, ಸೂಪರ್‌ಮಾರ್ಕೆಟ್ ಪಾರ್ಕಿಂಗಲ್ಲಿ ತೋರಿಸ್ತೀನಿ ಅಂದ್ರೆ ನಾನು ಬರ್ತಾನೇ ಇರ್ಲಿಲ್ಲ. ಕಾರಿಗಿರೋ ಹಾಗೆ ಕ್ಯಾರವಾನಿಗೆ ಸರ್ಕಾರದ ಆರ್‌ಸಿ ಇಲ್ಲ ಮಾರಾಯ. ನಂಬರ್ ಪ್ಲೇಟ್ ಎಳೆಯೋ ಕಾರಿನದ್ದೇ. ತೆರಿಗೆ ಇಲ್ಲ, ವರ್ಷಕ್ಕೊಮ್ಮೆ ಎಂಒಟಿ ತಪಾಸಣೆ ಇಲ್ಲ. ಕೇಳೋಕೆ ಚೆನ್ನಾಗಿದೆ. ಆದ್ರೆ ಬ್ರೇಕ್ ಸರಿ ಇದೆ ಅಂತ ನಿನಗೆ ಹೇಳೋರು ಯಾರೂ ಇಲ್ಲ, ಇದು ಅವನದ್ದೇ ಅಂತ ಹೇಳೋರೂ ಇಲ್ಲ. ಕದ್ದು ಮಾರೋರಿಗೆ ಅದೇ ಹಬ್ಬ.

— ಮತ್ತೆ ಗೊತ್ತಾಗೋದು ಹೇಗೆ?

— 1992ರಿಂದ ಕ್ರಿಸ್ ಅಂತ ಒಂದು ವ್ಯವಸ್ಥೆ ಇದೆ. ಉದ್ಯಮದವರೇ ಮಾಡ್ಕೊಂಡಿದ್ದು. ಹದಿನೇಳು ಅಕ್ಷರದ ಸಂಖ್ಯೆ, ಕಿಟಕಿ ಗಾಜಿನ ಮೇಲೆ ಕೊರೆದಿರುತ್ತೆ, ಚಾಸಿ ಮೇಲೂ ಇರುತ್ತೆ. ಎರಡೂ ತಾಳೆ ಆಗ್ಬೇಕು. ಒಂದು ಕಿಟಕೀದು ಮಾತ್ರ ಉಜ್ಜಿದ ಹಾಗಿದ್ರೆ, ನಮಸ್ಕಾರ ಹೇಳಿ ಹೊರಟುಬಿಡು. ಆ ಸಂಖ್ಯೆ ಕೊಟ್ಟು ಒಂದಿಷ್ಟು ದುಡ್ಡು ಕಟ್ಟಿದ್ರೆ, ಕಳ್ಳಮಾಲಾ, ಮೇಲೆ ಸಾಲ ಇದೆಯಾ, ವಿಮೆಯವರು ಗುಜರಿ ಅಂತ ಬರೆದಿದ್ದಾರಾ, ಎಲ್ಲಾ ಹೇಳ್ತಾರೆ. ಊರಲ್ಲಿ ಸೈಟ್ ತಗೊಳ್ಳೋವಾಗ ಇಸಿ ತೆಗೆಸಿದ್ದೆಯಲ್ಲ, ಹಾಗೇ.

— ಅಪ್ಪ ತೆಗೆಸಿದ್ದು. ನಾನು ಸಹಿ ಹಾಕಿದ್ದೆ ಅಷ್ಟೆ.

— ಅದೇ ಗೊತ್ತಾಯ್ತಲ್ಲ.

*

— ಒಳಗೆ ಏನು ವಾಸನೆ ಬರ್ತಿದೆ ಹೇಳು. ಮೆತ್ತಗೆ ಮಾತಾಡು, ಅವನು ಟೀ ತರೋಕೆ ಹೋಗಿದ್ದಾನೆ.

— ನಿಂಬೆಹಣ್ಣಿನದ್ದು. ಚೆನ್ನಾಗಿ ತೊಳೆದಿಟ್ಟಿದ್ದಾನೆ ಪಾಪ.

— ಆ ನಿಂಬೆ ಸ್ಪ್ರೇ ಕೆಳಗೆ ಏನಿದೆ? ಮಂಚದ ಕೆಳಗಿನ ಪೆಟ್ಟಿಗೆ ತೆಗೆದು ಮೂಗು ಇಡು.

— ಹಳೇ ಪುಸ್ತಕದ ಬೀರು ತೆಗೆದ್ರೆ ಬರುತ್ತಲ್ಲ...

— ಹೂಂ. ಈಗ ಬಾಗಿಲ ಪಕ್ಕದ ತಗಡು ಓದು.

— ಗರಿಷ್ಠ 1,400. ಅಯ್ಯೋ. ಶೇಕಡಾ 96ರ ಮೇಲೆ ಆಗುತ್ತೆ.

— ಆಯ್ತು, ತೂಕಕ್ಕೇ ಇದು ಬಿತ್ತು. ಆದ್ರೂ ಈ ಯಂತ್ರ ಹಿಡ್ಕೋ, ನೋಡಿಬಿಡೋಣ. ಎರಡು ಸೂಜಿ ಇದೆಯಲ್ಲ, ಗೋಡೆಗೆ ಒತ್ತಿದ್ರೆ ತೇವ ಎಷ್ಟು ಅಂತ ತೋರಿಸುತ್ತೆ. ಎದುರಿಗೆ ಕಾಣೋ ಕಡೆ ಒತ್ತಬೇಡ, ತೂತು ಬೀಳುತ್ತೆ, ಅವನದ್ದು ಇನ್ನೂ. ಕಪಾಟಿನ ಒಳಗೆ, ಕಿಟಕಿ ಅಂಚಿನ ಪಟ್ಟಿ ಸಂದೀಲಿ ಒತ್ತು.

— ಹನ್ನೆರಡು. ಹದಿಮೂರು. ಚೆನ್ನಾಗಿದೆ ಅಂತಾನಾ?

— ಹದಿನೈದರ ತನಕ ನಿಶ್ಚಿಂತೆ. ಇಪ್ಪತ್ತರ ತನಕ ಕಣ್ಣಿಟ್ಟಿರ್ಬೇಕು. ಅಲ್ಲಿಂದ ಮೇಲೆ ಹೋದ್ರೆ ಎಲ್ಲಿಂದಲೋ ನೀರು ಬರ್ತಿದೆ. ಮುಂದಿನ ಮೂಲೆಗೆ ಹೋಗು. ಕಿಟಕಿ ಕೆಳಗೆ, ಎಡಕ್ಕೆ.

— ಹದಿನಾರು. ಇಪ್ಪತ್ತೆರಡು. ಭಾವ, ಮೂವತ್ತೊಂದು!

— ಇನ್ನೊಂದು ಸಲ ಒತ್ತು. ಒಳಗೆ ಲೋಹದ ಪಟ್ಟಿ ಸಿಕ್ಕಿದ್ರೂ ಸುಳ್ಳು ಹೇಳುತ್ತೆ.

— ಇಪ್ಪತ್ತೊಂಬತ್ತು. ಸ್ವಲ್ಪ ಆಚೆ, ಮೂವತ್ತು. ಒತ್ತಿದ್ರೆ ಗೋಡೆ ಒಳಗೇ ಹೋಗ್ತಾ ಇದೆ.

— ಬಿಡು ಸಾಕು. ವಾಲ್‌ಪೇಪರ್ ಇದೆ ಅಂತ ನಿಂತಿದೆ. ಅದರ ಹಿಂದೆ ಪ್ಲೈವುಡ್ ಚಹಾಕ್ಕೆ ಅದ್ದಿದ ಬಿಸ್ಕತ್ ಆಗಿದೆ.

— ಹೊರಗಡೆ ಒಂದು ಗೀರೂ ಇಲ್ವಲ್ಲ. ಒಂದು ತೂತು ಕಾಣಲ್ಲ. ನೀರು ಬಂದಿದ್ದಾದ್ರೂ ಎಲ್ಲಿಂದ?

— ಹೊರಗೆ ಬಾ, ಕೊಡೆ ಹಿಡಿ. ಈ ಮೂಲೆ ಉದ್ದಕ್ಕೂ ಅಲ್ಯೂಮಿನಿಯಂ ಪಟ್ಟಿ ಓಡಿದೆ ನೋಡು, ಅವ್ನಿಂಗ್ ಡೇರೆ ಸಿಕ್ಕಿಸೋದು ಇದಕ್ಕೇ. ಸಾಲಾಗಿ ಸ್ಕ್ರೂ ಹೊಡೆದು ಕೂರಿಸಿದ್ದಾರೆ, ಕೆಳಗೆ ಮೇಣದ ಹಾಗಿರೋ ಸೀಲೆಂಟ್. ಹೊಸದರಲ್ಲಿ ಅದು ಮೆತ್ತಗಿರುತ್ತೆ. ವರ್ಷ ಕಳೆದ ಹಾಗೆ ಒಣಗಿ ಬಿರುಕು ಬಿಡುತ್ತೆ. ರಸ್ತೇಲಿ ಓಡೋವಾಗ ಇಡೀ ಡಬ್ಬಿ ನುಲೀತಾ ಇರುತ್ತಲ್ಲ. ಒಂದು ಸ್ಕ್ರೂ ಸಡಿಲ ಆದ್ರೆ ಸಾಕು. ಹೊರಗೆ ತೆಳು ಅಲ್ಯೂಮಿನಿಯಂ, ಮಧ್ಯೆ ಮರದ ಚೌಕಟ್ಟು, ಸಂದಿಗೆ ಥರ್ಮೋಕೋಲು, ಒಳಗೆ ಬೆರಳಿಗಿಂತ ತೆಳು ಹಲಗೆ. ಒಳಗೆ ಹೋದ ನೀರಿಗೆ ಹೊರಗೆ ಬರೋಕೆ ದಾರಿ ಇಲ್ಲ. ನೀನು ಒಳಗಡೆ ಕಲೆ ನೋಡೋ ಹೊತ್ತಿಗೆ ಮರ ಕೊಳೆತು ಎಷ್ಟೋ ಕಾಲ ಆಗಿರುತ್ತೆ.

— ಇಲ್ಲಿ ಬಿಳೀ ಸಿಲಿಕೋನ್ ಬಳಿದಿದ್ದಾನೆ. ಹೊಸದು ಇದು.

— ಅದನ್ನೇ ನೋಡ್ತಿದ್ದೆ. ಪಟ್ಟಿ ಬಿಚ್ಚಿ, ಹಳೇದು ಕೆರೆದು, ಹೊಸ ಸೀಲೆಂಟ್ ಹಾಕಿ ಕೂರಿಸಬೇಕು. ಮೇಲಿಂದ ಬಳಿದ್ರೆ ಇದ್ದ ನೀರನ್ನ ಒಳಗೇ ಮುಚ್ಚಿಟ್ಟ ಹಾಗೆ.

— ಮೋಸಗಾರ ಅನ್ನಿ.

— ಇಲ್ವೋ, ಹಾಗನ್ನಬೇಡ. ಅಂಗಡಿಯೋನು ಕೊಟ್ಟ ಟ್ಯೂಬ್ ತಂದು ಬಳಿದಿದ್ದಾನೆ, ಆಯ್ತು ಅಂತ ನೆಮ್ಮದಿಯಾಗಿದ್ದಾನೆ. ಮಂಡಿ ನೋವು, ಇನ್ನು ಆಗಲ್ಲ ಅಂತ ಮಾರ್ತಿದ್ದಾನೆ. ಯಂತ್ರದಲ್ಲಿ ಬಂದ ಸಂಖ್ಯೆ ತೋರಿಸಿದ್ರೆ ಅವನಿಗೇ ಗಾಬರಿ ಆಗುತ್ತೆ.

— ಹಾಗಾದ್ರೆ ಬೆಲೆ ಇಳಿಸ್ತಾನೆ! ಐದೂವರೆ ಸಾವಿರ ಕೇಳ್ತಿದ್ದಾನೆ, ಮೂರಕ್ಕೆ ಕೊಟ್ರೆ? ರಿಪೇರಿ ಮಾಡಿಸ್ಕೊಂಡ್ರೂ...

— ಟಯರ್ ಸವೆದಿದೆ ಅಂದ್ರೆ ಬೆಲೆ ಇಳಿಸ್ಕೋ. ಫ್ರಿಜ್ ಕೆಟ್ಟಿದೆ, ಪಂಪ್ ಓಡ್ತಿಲ್ಲ, ಬ್ಯಾಟರಿ ಸತ್ತಿದೆ ಅಂದ್ರೂ ಇಳಿಸ್ಕೋ. ಅವೆಲ್ಲಾ ಇಷ್ಟು ಅಂತ ದುಡ್ಡು ಕೊಟ್ರೆ ಮುಗಿಯೋ ಕೆಲಸ. ಇದು ಎಷ್ಟು ಅಂತ ಗೋಡೆ ಬಿಚ್ಚೋ ತನಕ ಮೇಸ್ತ್ರಿಗೂ ಗೊತ್ತಿರಲ್ಲ. ಮೂಲೇಲಿ ಮುಗಿಯುತ್ತೆ ಅಂತ ಶುರು ಮಾಡಿದ್ದು ನೆಲದ ತನಕ ಹೋಗಬಹುದು. ಸೆಕೆಂಡ್ ಹ್ಯಾಂಡ್ ಕ್ಯಾರವಾನಲ್ಲಿ ನೀನು ದುಡ್ಡು ಕೊಟ್ಟು ತಗೊಳ್ಳೋದು ಒಣಗಿರೋ ಗೋಡೇನ ಮಾತ್ರ, ಮಿಕ್ಕಿದ್ದೆಲ್ಲಾ ಅದರ ಜೊತೆ ಬರುತ್ತೆ ಅಂದ್ಕೋ.

— ಸೋಫಾ ಮಾತ್ರ ಏನ್ ಚೆನ್ನಾಗಿತ್ತು...

— ಟೀ ಕುಡಿದು ಥ್ಯಾಂಕ್ಸ್ ಹೇಳಿ ಹೋಗೋಣ. ಮೂಲೆ ವಿಷಯ ನಾನೇ ಹೇಳ್ತೀನಿ, ಅವನಿಗೂ ತಿಳೀಲಿ.

*

— ಅಕ್ಕನಿಗೆ ಫೋನ್ ಮಾಡಿದ್ದೆ. ಎರಡನೇದು ನೋಡೋಕೆ ಹೊರಟಿದ್ದೀವಿ ಅಂದೆ. ನಗ್ತಾ ಇದ್ಲು.

— ನಗ್ಲಿ. ಮೊದಲನೇ ಸಲ ಕ್ಯಾಸೆಟ್ ಟಾಯ್ಲೆಟ್ ಯಾರು ಖಾಲಿ ಮಾಡ್ಬೇಕು ಅಂತ ನಮ್ಮನೇಲಿ ನಡೆದ ಮಾತುಕತೆ ಜ್ಞಾಪಕ ಬಂದಿರುತ್ತೆ.

— ಅದೇ ಕೇಳೋಣ ಅಂತಿದ್ದೆ. ಬೇಸಿಗೇಲಿ ಅಪ್ಪ ಅಮ್ಮ ಬರ್ತಾರೆ. ಒಲೆಗೂ ಟಾಯ್ಲೆಟ್ಟಿಗೂ ಮಧ್ಯೆ ಒಂದೇ ಹಲಗೆ ಅಂದ್ರೆ ಅಮ್ಮ ಒಳಗೆ ಕಾಲಿಡ್ತಾರಾ?

— ಕಾಲೇನೋ ಇಡ್ತಾರೆ, ಅಡಿಗೆ ಮಾಡಲ್ಲ. ಟಾಯ್ಲೆಟ್ ಹಿಂಬದಿ ತುದೀಲಿ, ಅಡಿಗೆ ಮಧ್ಯೆ ಇರೋ ನಕ್ಷೆ ತಗೋ. ಕ್ಯಾಸೆಟ್ ಹೊರಗಿನ ಬಾಗಿಲಿಂದ ಎಳೆದುಕೊಂಡು ಎಲ್ಸನ್ ಪಾಯಿಂಟಿಗೆ ಒಯ್ದು ಸುರಿಯೋದು, ಮನೆ ಒಳಗಿಂದ ಹೊತ್ತು ಹೋಗೋದೇನಿಲ್ಲ. ಅದು ಗಂಡಸರ ಕೆಲಸ ಅಂತ ಈ ದೇಶದಲ್ಲಿ ತೀರ್ಮಾನ ಆಗಿಬಿಟ್ಟಿದೆ, ಬೆಳಿಗ್ಗೆ ಸೈಟಲ್ಲಿ ಸಾಲಾಗಿ ಹೋಗ್ತಿರ್ತಾರೆ, ಹವಾಮಾನ ಮಾತಾಡ್ಕೊಂಡು.

— ಒಗ್ಗರಣೆ?

— ಹೊರಗೆ ಅವ್ನಿಂಗ್ ಕೆಳಗೆ ಹಾಕು. ಒಳಗೆ ಹಾಕಿದ್ರೆ ಸಾಸಿವೆ ಇಂಗು ಸೋಫಾದಿಂದ ಮುಂದಿನ ಬೇಸಿಗೆ ತನಕ ಹೋಗಲ್ಲ, ಮಾರೋವಾಗ ಬಂದೋರೂ ಮೂಗು ಹಿಡೀತಾರೆ. ಒಳಗೆ ಅನ್ನ ಕುದಿಸಿದ್ರೆ ಕಿಟಕಿ ಮೇಲೆ ಹನಿ ಕಟ್ಟುತ್ತೆ, ನಾಲ್ಕು ಜನ ಮಲಗಿ ಎದ್ರೂ ಕಟ್ಟುತ್ತೆ. ಅದಕ್ಕೆ ಹೆದರಬೇಡ, ಬಟ್ಟೆ ತಗೊಂಡು ಒರೆಸಿದ್ರೆ ಹೋಯ್ತು. ಗೋಡೆ ಒಳಗೆ ಸೋರೋದೇ ಬೇರೆ. ಒಂದು ಮಾತ್ರ, ನೆಲದಲ್ಲಿ, ಚಾವಣೀಲಿ ಗಾಳಿಕಿಂಡಿ ಇರುತ್ತೆ, ಚಳಿ ಅಂತ ನಮ್ಮೋರು ಬಟ್ಟೆ ತುರುಕಿಬಿಡ್ತಾರೆ. ಅದು ಗ್ಯಾಸ್ ಹೊರಗೆ ಹೋಗೋಕೆ, ಉಸಿರಾಡೋಕೆ. ಮುಚ್ಚಿ ಮಲಗಿದ್ರೆ ಕಾರ್ಬನ್ ಮಾನಾಕ್ಸೈಡ್.

— ಅಬ್ಬ. ಗ್ಯಾಸ್ ಯಾವುದು, ನೀಲಿ ಸಿಲಿಂಡರ್ರೋ ಕೆಂಪೋ?

— ಕೆಂಪು, ಪ್ರೊಪೇನ್. ನೀಲೀದು ಬ್ಯುಟೇನ್, ಸೊನ್ನೆ ಡಿಗ್ರಿ ಹತ್ರ ಬಂದ್ರೆ ಅನಿಲ ಆಗೋದೇ ನಿಲ್ಲಿಸುತ್ತೆ. ಅಕ್ಟೋಬರಲ್ಲಿ ಡೇಲ್ಸ್ ಕಡೆ ಹೋಗಿ ಬೆಳಿಗ್ಗೆ ಕಾಫಿ ಇಲ್ದೆ ಕೂರ್ತೀಯ.

— ಈ ಜನಕ್ಕೆ ಈ ಹುಚ್ಚು ಯಾವಾಗ ಹಿಡೀತು ಭಾವ?

— 1885ರಲ್ಲಿ. ನಗಬೇಡ, ನಿಜವಾಗ್ಲೂ. ಗಾರ್ಡನ್ ಸ್ಟೇಬಲ್ಸ್ ಅಂತ ನೌಕಾಪಡೇಲಿದ್ದ ಡಾಕ್ಟರ್, ಹುಡುಗರಿಗೆ ಸಾಹಸದ ಕಥೆ ಬರೀತಿದ್ದ. ಬ್ರಿಸ್ಟಲಿನ ಬಂಡಿ ಕಾರ್ಖಾನೇಲಿ ಮಹಾಗನಿ ಮರದ್ದೊಂದು ಮಾಡಿಸಿದ, ಹೆಸರು ವಾಂಡರರ್. ಎರಡು ಕುದುರೆ ಕಟ್ಟಿ ಇಂಗ್ಲೆಂಡಿನ ಟ್ವೈಫೋರ್ಡಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್ ತನಕ ಹೋದ. ಬಂಡಿ ಹೊಡೆಯೋಕೆ ಒಬ್ಬ, ಮುಂದೆ ಟ್ರೈಸಿಕಲ್ ತುಳೀತಾ ದಾರಿ ನೋಡೋಕೆ ಇನ್ನೊಬ್ಬ. ನಾಯಿ, ಗಿಳಿ ಬೇರೆ. ಹೊಟ್ಟೆಪಾಡಿಗೆ ಬಂಡೀಲಿ ಬದುಕ್ತಿದ್ದೋರು ಅದಕ್ಕೂ ಮೊದಲೇ ಇದ್ರು. ಸುಖಕ್ಕೆ ಅಂತ ಹೊರಟೋನು ಇವನೇ ಮೊದಲಿಗ ಅಂತಾರೆ. 1907ರಲ್ಲಿ ಕ್ಯಾರವಾನ್ ಕ್ಲಬ್ ಹುಟ್ಟಿತು, ಇವನೇ ಉಪಾಧ್ಯಕ್ಷ. ನಾನು ಅದೇ ಕ್ಲಬ್ಬಿನ ಸದಸ್ಯ.

— ಕ್ಲಬ್ಬಿಗೆ ಸೇರಿದ್ರೆ ಏನು ಉಪಯೋಗ?

— ದೊಡ್ಡ ಸೈಟುಗಳು ಇರ್ಲಿ, ನನಗೆ ಬೇಕಾಗಿರೋದು ಸಣ್ಣವು. ಯಾರೋ ರೈತನ ಹೊಲದಂಚು, ಒಂದು ನಲ್ಲಿ, ಒಂದು ಎಲ್ಸನ್ ಪಾಯಿಂಟ್, ಐದೇ ಕ್ಯಾರವಾನ್. 1960ರ ಕಾಯ್ದೆ ಕ್ಲಬ್ಬುಗಳಿಗೆ ಕೊಟ್ಟಿರೋ ರಿಯಾಯಿತಿ ಅದು, ಕ್ಲಬ್ ಒಪ್ಪಿದ ಜಾಗದಲ್ಲಿ ಸದಸ್ಯರದ್ದು ಐದರ ತನಕ ನಿಲ್ಲಿಸಬಹುದು. ಆಚೆ ಕುರಿ, ಈಚೆ ನಾವು. ನಿನ್ನ ಆ ಆರು ಜನದ್ದನ್ನ ಅಂಥ ಕಡೆ ಬೇಲಿ ಗೇಟಿನಲ್ಲಿ ತಿರುಗಿಸೋವಾಗ ಗೊತ್ತಾಗ್ತಿತ್ತು.

*

— ಭಾವ, ಇದು ಎಷ್ಟು ಚಿಕ್ಕದು. ಸೋಫಾ ನೋಡಿ, ಕಂದು ಬಣ್ಣಕ್ಕೆ ಕಂದು ಹೂವು.

— ಹೂವು ಆಮೇಲೆ. ಮೂಲೆ?

— ಹತ್ತು, ಹನ್ನೊಂದು, ಹನ್ನೊಂದು. ಚಾವಣಿ ಕಿಂಡಿ ಸುತ್ತ ಹದಿಮೂರು. ಮೂರು ಸಲ ನೋಡಿದೆ. ಹಿಂದಿನ ದೀಪದ ಹತ್ರಾನೂ ಅಷ್ಟೆ. ಚಕ್ರದ ಮೇಲಿನ ಗುಮ್ಮಟದಲ್ಲಿ ಹನ್ನೆರಡು.

— ನೆಲದ ಮೇಲೆ ಹಿಮ್ಮಡಿ ಊರಿ ನಡಿ. ಬಾಗಿಲ ಹತ್ರ, ಆಮೇಲೆ ಒಲೆ ಮುಂದೆ. ಜನ ತುಂಬಾ ನಿಲ್ಲೋದು ಅಲ್ಲೇ.

— ಒಲೆ ಮುಂದೆ ಸ್ವಲ್ಪ ಕಿರ್ ಅಂತಿದೆ. ಕುಣಿಯಲ್ಲ.

— ಅಷ್ಟು ಪರವಾಗಿಲ್ಲ. ನೆಲ ಅಂದ್ರೆ ಎರಡು ಪ್ಲೈ ಮಧ್ಯೆ ಥರ್ಮೋಕೋಲ್ ಅಂಟಿಸಿರೋದು. ಅಂಟು ಬಿಟ್ಟಿದ್ರೆ ಕಾಲ ಕೆಳಗೆ ಮೆತ್ತಗಾಗ್ತಿತ್ತು. ಅದಾದ್ರೂ ಗೋಂದು ತುಂಬಿ ಸರಿ ಮಾಡೋರಿದ್ದಾರೆ. ತಗಡು?

— ಗರಿಷ್ಠ 1,200. ಖಾಲಿ 1,020. ಭಾವ, ಇದು ಶೇಕಡಾ 83ರೊಳಗೇ ಬರುತ್ತೆ! ಅಂದ್ರೆ 180 ಕೆ.ಜಿ. ಸಾಮಾನು ಹಾಕಬಹುದು.

— 180 ಅಂತ ಕುಣೀಬೇಡ. ಅವ್ನಿಂಗ್ ಇಪ್ಪತ್ತೈದು, ಬ್ಯಾಟರಿ ಇಪ್ಪತ್ತು, ತಳ್ಳೋಕೆ ಮೋಟರ್ ಮೂವರ್ ಹಾಕಿಸ್ಕೊಂಡ್ರೆ ಮೂವತ್ತರ ಮೇಲೆ. ಸಿಲಿಂಡರ್, ಕುರ್ಚಿ. ಅಮ್ಮ ಬಂದ್ರೆ ಇಡ್ಲಿ ಪಾತ್ರೆ. ನೀರಿನ ಪೀಪಾಯಿ ಖಾಲಿ ಒಯ್ದು ಅಲ್ಲೇ ತುಂಬಿಸ್ಕೋ, ತುಂಬಿದ್ರೆ ಅದೇ ನಲವತ್ತು. ಭಾರದ್ದೆಲ್ಲಾ ಆಕ್ಸಲ್ ಮೇಲೆ, ನೆಲದ ಮಟ್ಟದಲ್ಲಿ ಇಡು. ಹಿಂದೆ ತುಂಬಿದ್ಯೋ, ಮೂತಿ ಹಗುರ ಆಗುತ್ತೆ, ಪಕ್ಕದಲ್ಲಿ ಲಾರಿ ಹೋದ ಗಾಳಿಗೆ ಬಾಲ ಆಡಿಸೋಕೆ ಶುರು ಮಾಡುತ್ತೆ. ಕಾರಿನ ಟೋಬಾರ್ ಮೇಲೆ ಕೂರೋ ಮೂತಿ ಭಾರ ಒಟ್ಟು ತೂಕದ ಶೇಕಡಾ 5ರಿಂದ 7 ಇರ್ಬೇಕು.

— ಇದಕ್ಕೆ 60ರಿಂದ 84.

— ಟೋಬಾರ್ ತಡೆಯೋ ಮಿತಿ ಒಳಗೆ ಇರ್ಲಿ, ಅಷ್ಟೆ. ಬಾಲ ಆಡೋಕೆ ಶುರುವಾದ್ರೆ ಏನು ಮಾಡ್ತೀಯ?

— ಬ್ರೇಕ್...

— ಒತ್ತಲೇಬೇಡ! ಆಕ್ಸಿಲರೇಟರಿಂದ ಕಾಲು ನಿಧಾನ ತೆಗಿ, ಸ್ಟೇರಿಂಗ್ ನೆಟ್ಟಗೆ ಹಿಡಿ, ತಾನಾಗೇ ಇಳಿಯುತ್ತೆ. ಅದರ ಜೊತೆ ನೀನೂ ಎಡಕ್ಕೆ ಬಲಕ್ಕೆ ತಿರುಗಿಸೋಕೆ ಹೋದ್ರೆ ಇಬ್ಬರೂ ಹಳ್ಳದಲ್ಲಿ. ಬಗ್ಗು ಈಗ, ಟಯರ್ ನೋಡು.

— ಹೊಸದಿದ್ದ ಹಾಗಿದೆ. ಗೆರೆ ಎಲ್ಲಾ ಆಳವಾಗಿದೆ, ಇದಕ್ಕೇನೂ ಮಾಡ್ಬೇಕಾಗಿಲ್ಲ.

— ಡಿಓಟಿ ಅಂತ ಇರುತ್ತೆ, ಅದರ ಕೊನೇ ನಾಲ್ಕು ಅಂಕಿ ಓದು. ಮೊಬೈಲ್ ಬೆಳಕು ಬಿಡು.

— 2, 3, 1, 4.

— 2014ನೇ ಇಸವಿ, ಇಪ್ಪತ್ಮೂರನೇ ವಾರ. ಹತ್ತು ವರ್ಷ ದಾಟಿದೆ. ಕ್ಯಾರವಾನ್ ಟಯರ್ ಸವೆಯಲ್ಲ ಮಾರಾಯ, ನಿಂತ ಕಡೆ ನಿಂತೇ ಮುದಿಯಾಗುತ್ತೆ. ಬದಿಯಲ್ಲಿ ಕೂದಲಿನಷ್ಟು ಬಿರುಕು ಇದೆ, ಉಗುರು ಹಾಕಿ ನೋಡು. ಐದು ವರ್ಷಕ್ಕೆ ಬದಲಾಯಿಸು ಅಂತಾರೆ, ಏಳು ದಾಟಿಸಲೇಬಾರದು. ಇಂಥದ್ದು ಮೋಟರ್‌ವೇನಲ್ಲಿ ಸಿಡಿದ್ರೆ ಚಕ್ರದ ಗುಮ್ಮಟ, ಮೇಲಿನ ನೆಲ, ಪೈಪು ಎಲ್ಲಾ ಕಿತ್ಕೊಂಡು ಹೋಗುತ್ತೆ. ಎರಡೂ ಹೊಸದು, ಅದರ ದುಡ್ಡು ಬೆಲೇಲಿ ಕಳೀಬೇಕು. ಗ್ಯಾಸ್ ಪೈಪ್ ಮೇಲೂ ಇಸವಿ ಅಚ್ಚಾಗಿರುತ್ತೆ, ಅದೂ ಹಳೇದು, ನೋಡಿದೆ.

— ಫ್ರಿಜ್ ತಣ್ಣಗಾಗಿದೆಯಾ ಅಂತ ನೋಡಿದೆ, ಇನ್ನೂ ಆಗಿಲ್ಲ.

— ಅದು ಮನೆ ಫ್ರಿಜ್ ಅಲ್ಲ, ತಣ್ಣಗಾಗೋಕೆ ಗಂಟೆಗಟ್ಟಲೆ ಬೇಕು. ಗ್ಯಾಸು, ಕಾರಿನ ಬ್ಯಾಟರಿ, ಸೈಟಿನ ಕರೆಂಟು, ಮೂರಕ್ಕೂ ಓಡುತ್ತೆ. ಮಾರೋ ಆಯಮ್ಮನಿಗೆ ರಾತ್ರಿ ಕರೆಂಟಿಗೆ ಹಾಕಿಡಿ ಅಂತ ಹೇಳಿ, ನಾಳೆ ಬಂದು ನೋಡು. ನೀರಿನ ಹೀಟರೂ ಅಷ್ಟೆ, ನೀರು ತುಂಬಿಸಿ ಉರಿಸಿ ತೋರಿಸ್ಲಿ. ಚಳಿಗಾಲಕ್ಕೆ ಮೊದಲು ನೀರು ಬಸಿದಿಲ್ದೆ ಇದ್ರೆ ಒಳಗೆ ಹಿಮಗಟ್ಟಿ ಒಡೆದಿರುತ್ತೆ, ಒಣಗಿ ನಿಂತಿರೋವಾಗ ತಿಳಿಯಲ್ಲ.

— ಕೊಕ್ಕೆ ಹತ್ರ ಗ್ರೀಸ್ ಇಲ್ಲ, ಒಣಗಿಹೋಗಿದೆ. ಹಚ್ಚಬೇಕಲ್ವಾ?

— ಹಚ್ಚಿ ಕೆಡಿಸಬೇಡ! ಇದು ಸ್ಟೆಬಿಲೈಸರ್ ಇರೋ ಆಲ್-ಕೋ ಹಿಚ್. ಒಳಗಿನ ಪ್ಯಾಡು ಟೋಬಾರಿನ ಗುಂಡನ್ನ ಒತ್ತಿ ಹಿಡಿದ್ರೇನೇ ಕೆಲಸ. ನಿನ್ನ ಗುಂಡು ಹೊಸದು, ಅದರ ಕರೀ ಬಣ್ಣಾನೂ ಉಜ್ಜಿ ತೆಗೀಬೇಕು.

— ಹಾಗಾದ್ರೆ ಇದೇ ಅಂತೀರಾ?

— ನಿನ್ನ ಮುಖ ಯಾಕೆ ಹಾಗಿದೆ?

— ಮಗಳಿಗೆ ಬಂಕ್ ಬೆಡ್ ಬೇಕಿತ್ತು. ಆ ಇನ್ನೊಂದರಲ್ಲಿ ಏಣಿ ಇತ್ತು, ಫೋಟೋ ತೋರಿಸಿಬಿಟ್ಟಿದ್ದೀನಿ.

— ಸೋಫಾ ಬೆನ್ನು ಎತ್ತಿ ನೋಡು, ಅದೇ ಮಡಚಿ ಮೇಲೆ ಹೋಗುತ್ತೆ. ಕೊಕ್ಕೆಗೆ ಸಿಕ್ಕಿಸು.

— ಓ... ಇದರಲ್ಲೂ ಏಣಿ ಇದೆ! ಸರಿ, ಐನೂರು ಪೌಂಡ್ ಮುಂಗಡ ಈಗಲೇ ಹಾಕ್ಬಿಡ್ಲಾ? ಮಧ್ಯಾಹ್ನ ಇನ್ನೊಬ್ರು ನೋಡೋಕೆ ಬರ್ತಾರಂತೆ.

— ಯಾವಾಗ್ಲೂ ಮಧ್ಯಾಹ್ನ ಇನ್ನೊಬ್ರು ಬರ್ತಾರೆ. ಕಿಟಕಿ ಸಂಖ್ಯೆ ಬರ್ಕೊಂಡ್ಯಾ?

— ಬರ್ಕೊಂಡೆ. ಚಾಸೀದೂ ಅದೇ. ಆಯಮ್ಮನ ಹೆಸರು, ಮನೆ ವಿಳಾಸ, ಹಳೇ ಸರ್ವೀಸ್ ರಸೀದಿ ಎಲ್ಲಾ ತಾಳೆ ಆಗ್ತಿದೆ.

— ಕಾರಲ್ಲಿ ಕೂತು ಕ್ರಿಸ್ ತಪಾಸಣೆ ಮುಗಿಸು. ಸಾಲ ಗೀಲ ಇಲ್ಲ ಅಂತ ಬಂದ್ರೆ ಮುಂಗಡ ಹಾಕು, ಫ್ರಿಜ್ಜೂ ಹೀಟರೂ ನಾಳೆ ಓಡಿದ್ರೆ ಮಾತ್ರ ಮಿಕ್ಕಿದ್ದು ಅಂತ ರಸೀದಿ ಮೇಲೇ ಬರೆಸ್ಕೋ. ಅಂದಹಾಗೆ ತಂದು ಎಲ್ಲಿ ನಿಲ್ಲಿಸ್ತೀಯ?

— ಮನೆ ಮುಂದೆ. ಇನ್ನೆಲ್ಲಿ?

— ನಿಮ್ಮದು ಹೊಸ ಬಡಾವಣೆ. ಮನೆ ಪತ್ರದಲ್ಲಿ, ಅಂಗಳದಲ್ಲಿ ಕ್ಯಾರವಾನ್ ನಿಲ್ಲಿಸಬಾರದು ಅಂತ ಷರತ್ತು ಇದೆಯೋ ಇಲ್ವೋ ನೋಡಿದ್ದೀಯಾ? ಇಂಥ ಕಡೆ ಎಷ್ಟೋ ಪತ್ರದಲ್ಲಿ ಇರುತ್ತೆ. ಇದ್ರೆ ಬಾಡಿಗೆ ಜಾಗ ಹುಡುಕ್ಬೇಕು, ವಿಮೆಯವರು ಯಾವ ಜಾಗ ಅಂತ ಕೇಳ್ತಾರೆ, ಹಿಚ್ ಬೀಗ, ಚಕ್ರದ ಬೀಗ ಎರಡೂ ಕೇಳ್ತಾರೆ. ಅದೂ ಸೇರಿಸಿ ಲೆಕ್ಕ ಹಾಕು.

— ಮನೆ ಪತ್ರ... ವಕೀಲರು ಕಳಿಸಿದ್ದು ಇಮೇಲಲ್ಲಿ ಇರುತ್ತೆ. ಓದಿಲ್ಲ.

— ಸಹಿ ಹಾಕಿದ್ದೆ ಅಷ್ಟೆ.

— ಹೂಂ.

— ಮೊಬೈಲ್ ಇಲ್ಲಿ ಕೊಡು, ನಾನು ಅದನ್ನ ಹುಡುಕ್ತೀನಿ. ನೀನು ಕ್ರಿಸ್‌ದು ನೋಡು. ಕಾರ್ ಬಾಗಿಲು ಹಾಕ್ಕೋ, ನೀರು ಸಿಡೀತಿದೆ.